ಬೆಂಕಿಗೂ ಉಸಿರು ಬೇಕು: ಹಂಡೆ ಒಲೆಯಿಂದ ಮನೆಗಾಡಿಯವರೆಗೆ

ರಾಜರ ಚರಿತ್ರೆ ಬರೆದವರು ಬಹಳ ಜನ ಇದ್ದಾರೆ. ಕೋಟೆ, ಯುದ್ಧ, ಪಟ್ಟಾಭಿಷೇಕ ಎಲ್ಲಾ ಪುಸ್ತಕದಲ್ಲಿ ಸಿಗುತ್ತೆ. ಆದರೆ ಆ ರಾಜನ ಸ್ನಾನಕ್ಕೆ ನೀರು ಯಾರು ಕಾಯಿಸಿದರು, ಯಾವ ಸೌದೆ ಹಾಕಿದರು, ಹೊಗೆ ಯಾವ ಕಡೆ ಹೋಯಿತು ಅನ್ನೋದನ್ನ ಬರೆದವರು ಕಮ್ಮಿ. ಬಿಸಿನೀರು ಅದೇನು ದೊಡ್ಡ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ಹುಟ್ಟಿದ ಮಗುವಿಗೆ ಮೊದಲು ಬೇಕಾಗೋದು ಬಿಸಿನೀರು. ಬಾಣಂತಿಗೆ ಬಿಸಿನೀರು. ಮದುವೆ ಹೆಣ್ಣಿಗೂ ಗಂಡಿಗೂ ಎಣ್ಣೆ ಅರಿಶಿಣ ಹಚ್ಚಿ ಹಾಕೋದು ಬಿಸಿನೀರು. ನಮ್ಮ ಸೋಬಾನೆ ಪದಗಳಲ್ಲಿ ನೀರು ಹಾಕೋ ಹಾಡುಗಳೇ ಬೇರೆ ಇವೆ. ನಾನು ಹಾಡಿಕೊಂಡು ಊರೂರು ತಿರುಗಿದವನು. ಯಾವ ಊರಿಗೆ ಹೋದರೂ ಆ ಹಾಡಿಗೆ ಮುಂಚೆ ಹಿತ್ತಲಲ್ಲಿ ಹೊಗೆ ಏಳೋದನ್ನ ನೋಡಿದ್ದೀನಿ.

ಈಗ ನಮ್ಮ ಬೆಂಗಳೂರು ಹೊಸೂರು ರಸ್ತೆಯಲ್ಲಿ ಆಗಾಗ ಒಂದು ಹೊಸ ತರದ ಗಾಡಿ ಕಾಣುತ್ತೆ. ಹೊರಗಿಂದ ನೋಡಿದರೆ ಬಸ್ಸು ಅಥವಾ ದೊಡ್ಡ ವ್ಯಾನು. ಒಳಗೆ ಮಂಚ, ಅಡುಗೆ ಕಟ್ಟೆ, ಫ್ರಿಜ್ಜು, ಬಚ್ಚಲು. ಸಿನಿಮಾದವರು ಕ್ಯಾರವಾನ್ ಅಂತಾರೆ, ಹೊರದೇಶದಲ್ಲಿ ಮೋಟಾರ್ ಹೋಮ್ ಅಂತಾರೆ. ನಾನು ಮನೆಗಾಡಿ ಅಂತ ಬರೀತೀನಿ. ಬೆಂಗಳೂರಿನಲ್ಲಿ ಇಂಥವನ್ನ ಬಾಡಿಗೆಗೆ ಕೊಡುವವರೂ ಇದ್ದಾರೆ. ಅರಳಿಕಟ್ಟೆ ಮೇಲೆ ಕೂತವರು ಅದನ್ನ ನೋಡಿ ಮೂರು ಪ್ರಶ್ನೆ ಕೇಳ್ತಾರೆ. ಅದರೊಳಗೆ ಹಂಡೆ ಎಲ್ಲಿಟ್ಟವ್ರೆ? ಒಲೆ ಎಲ್ಲಿ ಉರಿಸ್ತಾರೆ? ಹೊಗೆ ಎಲ್ಲಿಗೋಗ್ತದೆ?

ನಗಬೇಡಿ. ಬಿಸಿನೀರಿನ ಚರಿತ್ರೆಯೆಲ್ಲಾ ಈ ಮೂರು ಪ್ರಶ್ನೆಯಲ್ಲೇ ಇದೆ. ಮೊದಲಿನ ಎರಡು ಸುಖದ ಪ್ರಶ್ನೆ. ಮೂರನೆಯದು ಪ್ರಾಣದ ಪ್ರಶ್ನೆ. ಆ ಮೂರನೇ ಪ್ರಶ್ನೆ ಕೇಳೋದನ್ನ ಮರೆತಿದ್ದರಿಂದ ನಮ್ಮ ಸುತ್ತಮುತ್ತಲೇ ಸಾವು ನೋವು ಆಗಿದೆ. ಅದಕ್ಕೇ ಇದನ್ನ ಬರೆಯೋಕೆ ಕೂತಿದ್ದು.

ನಮ್ಮ ಹಂಡೆ

ಮೊದಲು ನಮ್ಮ ಹಿತ್ತಲಿಂದ ಶುರು ಮಾಡೋಣ. ಹಂಡೆ ಅಂದರೆ ತಾಮ್ರದ್ದು. ಬಡವರ ಮನೆಯಲ್ಲಿ ಮಣ್ಣಿನ ಗುಡಾಣ, ಆಮೇಲೆ ಅಲ್ಯೂಮಿನಿಯಂ. ತಾಮ್ರ ಯಾಕೆ ಅಂದರೆ ಅದು ಶಾಖವನ್ನ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ದಾಟಿಸುತ್ತೆ, ಮತ್ತೆ ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ. ಹಂಡೆಯ ತಳ ಗುಂಡಗಿರುತ್ತೆ. ಬೆಂಕಿ ತಳಕ್ಕೆ ತಾಗಿ ಸುತ್ತಲೂ ಹತ್ತಿಕೊಂಡು ಮೇಲೆ ಹೋಗಲಿ ಅಂತ ಹಾಗೆ ಮಾಡಿದ್ದು. ಬಾಯಿ ಚಿಕ್ಕದು, ಬಿಸಿ ಹೊರಗೆ ಹೋಗದೆ ಇರಲಿ ಅಂತ. ಹಂಡೆಯನ್ನ ಒಲೆ ಮೇಲೆ ಕೂರಿಸಿ ಸುತ್ತ ಮಣ್ಣು ಮೆತ್ತಿ ಕಟ್ಟೆ ಮಾಡುತ್ತಿದ್ದರು. ಆ ಮಣ್ಣು ಬಿಸಿಯನ್ನ ಹಿಡಿದಿಟ್ಟುಕೊಳ್ಳುತ್ತೆ. ಬೆಳಗ್ಗೆ ಐದಕ್ಕೆ ಉರಿ ಹಾಕಿದರೆ ಹತ್ತು ಗಂಟೆಗೂ ನೀರು ಬೆಚ್ಚಗೆ ಇರೋದು.

ದೀಪಾವಳಿ ಬಂದರೆ ನೀರು ತುಂಬೋ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನ ಹುಣಿಸೆಹಣ್ಣು ಬೂದಿ ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡ್ತಾರೆ. ಬೆಳಗಿನ ಜಾವ ಎಣ್ಣೆ ಸ್ನಾನ. ಪಾತ್ರೆಗೂ ನೀರಿಗೂ ಒಲೆಗೂ ಒಟ್ಟಿಗೆ ಪೂಜೆ ಮಾಡುವ ಹಬ್ಬ ಅದು. ವರ್ಷಕ್ಕೊಂದು ಸಾರಿ ಹಂಡೆ ಕೀಳ್ತಿದ್ದರಿಂದ ತಳದ ಮಸಿ, ಒಲೆಯ ಬೂದಿ, ಹೊಗೆ ಕಿಂಡಿ ಎಲ್ಲಾ ಚೊಕ್ಕ ಆಗುತ್ತಿತ್ತು. ಈಗಿನ ಮೆಕ್ಯಾನಿಕ್ಕುಗಳು ಇದಕ್ಕೆ ಸರ್ವೀಸ್ ಅಂತಾರೆ.

ಲೆಕ್ಕ ನೋಡಿ. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಒಂದು ಕಿಲೋ ಕ್ಯಾಲೊರಿ ಶಾಖ ಬೇಕು ಅಂತ ಮಕ್ಕಳ ಪಾಠದಲ್ಲೇ ಇದೆ. 40 ಲೀಟರ್ ನೀರನ್ನ 25 ಡಿಗ್ರಿ ಮೇಲೇರಿಸೋಕೆ 1000 ಕಿಲೋ ಕ್ಯಾಲೊರಿ. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 4000 ಇರುತ್ತೆ. ಹಾಗಾದರೆ ಕಾಲು ಕಿಲೋ ಸೌದೆ ಸಾಕಾಗಬೇಕು. ಆದರೆ ಹಳೇ ಒಲೆಯಲ್ಲಿ ಹತ್ತು ಪಾಲು ಶಾಖದಲ್ಲಿ ನೀರಿಗೆ ಸೇರೋದು ಒಂದೆರಡು ಪಾಲು. ಮಿಕ್ಕಿದ್ದು ಹೊಗೆ ಜೊತೆ ಗಾಳಿಗೆ, ಗೋಡೆಗೆ. ಅದಕ್ಕೇ ದಿನಾ ಎರಡು ಕಿಲೋಗೆ ಮೇಲೆ ಸೌದೆ ಹೋಗ್ತಿತ್ತು. ಆ ಸೌದೆ ಹೊತ್ತು ತಂದವರು ನಮ್ಮ ತಾಯಂದಿರು. ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಂಡವರೂ ಅವರೇ.

ಆದರೆ ಹಳಬರು ಒಂದು ವಿಷಯದಲ್ಲಿ ಬಹಳ ಗಟ್ಟಿ ಇದ್ದರು. ಸ್ನಾನದ ಒಲೆಯ ಬಾಯಿ ಮನೆಯಿಂದ ಹೊರಗೆ, ಹಿತ್ತಲ ಕಡೆಗೆ. ಬೆಂಕಿ ಹಾಕೋರು ಹೊರಗೆ ಕೂತು ಹಾಕಬೇಕು, ನೀರು ಮಾತ್ರ ಒಳಗೆ. ಒಲೆ ಒಳಗಿದ್ದ ಮನೆಯಲ್ಲಿ ಬಚ್ಚಲಿಗೆ ಬಾಗಿಲೇ ಇರ್ತಿರಲಿಲ್ಲ, ಒಂದು ಗೋಣಿ ತಟ್ಟೋ ಸೀರೆಯೋ ನೇತಾಡೋದು. ಸೂರಿನ ಕೆಳಗೆ ಗೋಡೆಗೂ ಹೆಂಚಿಗೂ ನಡುವೆ ಗೇಣು ಸಂದು. ನಾಚಿಕೆಗೆ ಬಾಗಿಲು ಬೇಕು, ಉಸಿರಿಗೆ ಸಂದು ಬೇಕು. ಎರಡೂ ನೋಡಿಕೊಂಡು ಕಟ್ಟಿದ ಬಚ್ಚಲು ಅದು.

ಕಮಾನು ಗಾಡಿಯ ಮೂರು ಕಲ್ಲು

ಮನೆಗಾಡಿ ನಮಗೆ ಹೊಸದಲ್ಲ. ಕಮಾನು ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಚಾಪೆ ಕಟ್ಟಿ, ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ನಾಲ್ಕು ದಿನದ ದಾರಿ ಹೋಗುತ್ತಿದ್ದರು. ನಮ್ಮ ಹೊಸೂರು ಬೆಟ್ಟದ ಚಂದ್ರಚೂಡೇಶ್ವರನ ತೇರಿಗೆ ಹಾಗೆ ಬರುತ್ತಿದ್ದರು. ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೂ ಹಾಗೇ. ಆ ಜಾತ್ರೆ ಬರೋದು ಡಿಸೆಂಬರ್ ಜನವರಿಯ ಚಳಿಯಲ್ಲಿ. ಗಾಡಿಯ ಕೆಳಗೆ ಮಡಕೆ ನೇತಾಕಿಕೊಂಡು ಹೋಗಿ, ನಿಂತ ಕಡೆ ಮೂರು ಕಲ್ಲು ಹೂಡಿ ನೀರು ಕಾಯಿಸೋರು.

ಗಾಡಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಎಷ್ಟೇ ಚಳಿ ಇರಲಿ, ಮಳೆ ಇರಲಿ, ಕಮಾನಿನ ಒಳಗೆ ಬೆಂಕಿ ತರಬಾರದು. ಹುಲ್ಲಿಗೆ ಕಿಡಿ ಬಿದ್ದರೆ ಗಾಡಿ ಉರಿದು ಹೋಗುತ್ತೆ ಅನ್ನೋದು ಒಂದು ಭಯ. ಮುಚ್ಚಿದ ಕಡೆ ಕೆಂಡ ಇಟ್ಟುಕೊಂಡು ಮಲಗಿದರೆ ಏಳೋದಿಲ್ಲ ಅನ್ನೋದು ಇನ್ನೊಂದು. ಅಗ್ಗಿಷ್ಟಿಕೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರ ಕಥೆ ಹಳಬರಿಗೆ ಗೊತ್ತಿತ್ತು. ಹೀಗೆ ಚಕ್ರದ ಮೇಲಿನ ಮನೆಗೆ ಬಿಸಿನೀರು ಬೇಕು, ಬೆಂಕಿ ಬೇಡ ಅನ್ನೋ ಗಂಟು ಆವಾಗಿಂದಲೇ ಇದೆ. ಈಗಿನ ಮನೆಗಾಡಿ ಬಿಚ್ಚಿರೋದು ಇದೇ ಗಂಟನ್ನ. ಅದನ್ನ ಬಿಚ್ಚೋಕೆ ಜಗತ್ತಿಗೆ ಎಷ್ಟು ಕಾಲ ಹಿಡೀತು ಅಂತ ಈಗ ನೋಡೋಣ.

ಹೊರದೇಶದ ದಾರಿ

ಹಳೇ ಕಾಲದ ರೋಮ್ ದೇಶದವರು ದೊಡ್ಡ ಸ್ನಾನದ ಮನೆಗಳನ್ನ ಕಟ್ಟಿದರು. ನೆಲವನ್ನ ಚಿಕ್ಕ ಚಿಕ್ಕ ಕಂಬಗಳ ಮೇಲೆ ನಿಲ್ಲಿಸಿ, ಪಕ್ಕದ ಒಲೆಯ ಬಿಸಿಗಾಳಿ ಹೊಗೆ ಎಲ್ಲಾ ನೆಲದ ಕೆಳಗೆ ಹರಿದು ಗೋಡೆಯ ಒಳಗಿನ ಕೊಳವೆಯಲ್ಲಿ ಮೇಲೆ ಹೋಗೋ ಹಾಗೆ ಮಾಡಿದರು. ಕಾಲಿಗೆ ಬಿಸಿ ಸಿಗುತ್ತೆ, ಮೂಗಿಗೆ ಹೊಗೆ ಬರಲ್ಲ. ಆಮೇಲೆ ಬಂದ ಹಮಾಮುಗಳೂ ಇದೇ ದಾರಿ ಹಿಡಿದವು. ಗುಲಾಮರು ಹೊರಗೆ ಸೌದೆ ಹಾಕೋರು, ಯಜಮಾನರು ಒಳಗೆ ಬೆವರೋರು. ನಮ್ಮ ಹಿತ್ತಲ ಒಲೆಯ ಬುದ್ಧಿಯೇ ಅಲ್ಲೂ ಇತ್ತು. ಒಲೆ ಬೇರೆ, ಮನುಷ್ಯ ಬೇರೆ.

ಇಂಗ್ಲೆಂಡಿನಲ್ಲಿ ಅಲೆಮಾರಿ ಜನ ಕುದುರೆ ಗಾಡಿಯಲ್ಲೇ ಸಂಸಾರ ಮಾಡುತ್ತಿದ್ದರು. ಅಲ್ಲಿ ಹಿಮ ಬೀಳೋದರಿಂದ ಒಲೆ ಒಳಗೆ ಇಡಲೇಬೇಕು. ಅವರು ಎರಕದ ಕಬ್ಬಿಣದ ಒಲೆ ಇಟ್ಟು ಅದರ ಕೊಳವೆಯನ್ನ ಗಾಡಿಯ ಸೂರಿನಿಂದ ಹೊರಗೆ ತೆಗೆದರು. ಆ ಅಲೆಮಾರಿಗಳನ್ನ ನೋಡಿ 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನೋ ಡಾಕ್ಟರು ಬ್ರಿಸ್ಟಲ್ಲಿನಲ್ಲಿ ತನಗೋಸ್ಕರ ಒಂದು ಐಷಾರಾಮಿ ಕುದುರೆ ಗಾಡಿ ಮಾಡಿಸಿದರು. ಅದರ ಹೆಸರು ವಾಂಡರರ್, ಅಂದರೆ ತಿರುಗಾಡಿ. ಹೊಟ್ಟೆಪಾಡಿಗಲ್ಲದೆ ಮೋಜಿಗಾಗಿ ಮಾಡಿಸಿದ ಮನೆಗಾಡಿಗಳ ಚರಿತ್ರೆ ಶುರುವಾಗೋದು ಅಲ್ಲಿಂದ. ಬಡವರ ಕಷ್ಟದ ಜೀವನ ಸಾಹುಕಾರರಿಗೆ ಪ್ರವಾಸ ಆದದ್ದೂ ಅಲ್ಲಿಂದಲೇ.

ನಮ್ಮ ಕನ್ನಡ ಸೀಮೆಯಲ್ಲಿ ಮನೆ ಚಕ್ರ ಹತ್ತಿದ್ದನ್ನ ನೋಡಬೇಕಾದರೆ ಮೈಸೂರಿಗೆ ಹೋಗಿ. ಅಲ್ಲಿ 1979ರಲ್ಲಿ ತೆರೆದ ರೈಲು ಮ್ಯೂಸಿಯಂ ಇದೆ. ಅದರಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿ ಇಟ್ಟಿದ್ದಾರೆ. ಅಡುಗೆ ಮನೆ, ಊಟದ ಜಾಗ, ಶೌಚಾಲಯ ಎಲ್ಲಾ ಹಳಿಯ ಮೇಲೆ ಉರುಳೋ ಮನೆ. ನೂರ ಒಂಬತ್ತು ವರ್ಷ ಆದ ಮೇಲೆ 2008ರಲ್ಲಿ ಕರ್ನಾಟಕದ ಗೋಲ್ಡನ್ ಚಾರಿಯಟ್ ರೈಲು ಬಂತು. ರಾಣಿಗೆ ಸಿಕ್ಕಿದ ಸುಖ ಈಗ ಟಿಕೆಟ್ಟು ಕೊಳ್ಳೋ ಶಕ್ತಿ ಇದ್ದವರಿಗೆ ಸಿಗುತ್ತೆ.

ಗೀಸರ್ ಅನ್ನೋ ಹೆಸರು

ಈಗ ಎಲ್ಲರ ಮನೆಯಲ್ಲೂ ಗೀಸರ್ ಅನ್ನೋ ಮಾತು ಓಡಾಡುತ್ತೆ. ಅದು ಐಸ್‌ಲ್ಯಾಂಡ್ ಅನ್ನೋ ಹಿಮದ ದೇಶದ ಮಾತು. ಅಲ್ಲಿ ಗೇಸಿರ್ ಅನ್ನೋ ಜಾಗದಲ್ಲಿ ಭೂಮಿಯೊಳಗಿಂದ ಕುದಿಯೋ ನೀರು ಚಿಮ್ಮುತ್ತೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಅನ್ನೋ ಪೇಂಟರು ಗ್ಯಾಸಿನ ಉರಿಯಿಂದ ಹರಿಯೋ ನೀರನ್ನ ಆಗಿಂದಾಗಲೇ ಬಿಸಿ ಮಾಡೋ ಯಂತ್ರ ಮಾಡಿ ಅದಕ್ಕೆ ಗೀಸರ್ ಅಂತ ಹೆಸರಿಟ್ಟ. ಹಂಡೆ ತುಂಬಿ ಕಾಯೋ ಕೆಲಸ ಇಲ್ಲ. ಜನಕ್ಕೆ ಆಶ್ಚರ್ಯ. ಆದರೆ ಆ ಯಂತ್ರಕ್ಕೆ ಹೊಗೆ ಕೊಳವೆ ಇರಲಿಲ್ಲ. ಉರಿದ ಗಾಳಿಯೆಲ್ಲಾ ಬಚ್ಚಲಿನಲ್ಲೇ ಉಳೀತಿತ್ತು. ಸಾವಿರಾರು ವರ್ಷದಿಂದ ಮನುಷ್ಯ ಹೊರಗೆ ಇಟ್ಟಿದ್ದ ಬೆಂಕಿಯನ್ನ ಹೊಸ ಯಂತ್ರ ಬಾಗಿಲು ಹಾಕಿದ ಕೋಣೆಯೊಳಕ್ಕೆ ತಂದು ಕೂರಿಸಿತು.

ಆಮೇಲೆ ಬೇರೆಯವರು ತಿದ್ದುತ್ತಾ ಬಂದರು. 1889ರಲ್ಲಿ ನಾರ್ವೆಯಿಂದ ಅಮೆರಿಕಕ್ಕೆ ಹೋಗಿದ್ದ ಎಡ್ವಿನ್ ರೂಡ್ ಅನ್ನೋ ಇಂಜಿನಿಯರು ತಾನಾಗೇ ಹತ್ತಿ ಆರೋ, ನೀರು ಶೇಖರಿಸೋ ಹೀಟರ್ ಮಾಡಿದ. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಬಿಸಿಲಲ್ಲಿ ನೀರು ಕಾಯಿಸೋ ಪೆಟ್ಟಿಗೆಗೆ ಪೇಟೆಂಟ್ ತಗೊಂಡ. ಇನ್ನು ಕರೆಂಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನಮ್ಮ ಪಕ್ಕದ ಕೋಲಾರ ಚಿನ್ನದ ಗಣಿಗೆ ಬಂತು, 1905ರಲ್ಲಿ ಬೆಂಗಳೂರಿನ ದೀಪ ಹತ್ತಿತು. ಕರೆಂಟಿನ ಗೀಸರಿಗೆ ಬಚ್ಚಲಲ್ಲಿ ಬೆಂಕಿಯೇ ಇಲ್ಲ. ಅದರ ಬೆಂಕಿಯೋ ಜಲಪಾತವೋ ಎಲ್ಲೋ ದೂರದಲ್ಲಿ ಇರುತ್ತೆ. ಅದರಲ್ಲಿ ಹೊಗೆಯ ಭಯ ಇಲ್ಲ, ಶಾಕ್ ಹೊಡೆಯೋ ಭಯ ಬೇರೆ.

ಮನೆಗಾಡಿಯ ಒಳಗೆ

ಕರೆಂಟು ಕಂಬ ಇಲ್ಲದ ಕಾಡಿನಲ್ಲಿ, ಹಿಮದ ಬೆಟ್ಟದಲ್ಲಿ ನಿಲ್ಲೋ ಗಾಡಿಗೆ ಏನು ದಾರಿ? ಎರಡನೇ ಮಹಾಯುದ್ಧ ಮುಗಿದ ಮೇಲೆ ಯೂರೋಪಿನ ಸಾಮಾನ್ಯ ಜನವೂ ಕಾರಿನ ಹಿಂದೆ ಮನೆಗಾಡಿ ಕಟ್ಟಿಕೊಂಡು ರಜೆಗೆ ಹೊರಟರು. ಚಳಿಗಾಲದಲ್ಲೂ ಹೋಗಬೇಕು ಅಂದರು. 1961ರಲ್ಲಿ ಜರ್ಮನಿಯ ಟ್ರೂಮಾ ಕಂಪನಿ ಮನೆಗಾಡಿಗೆಂದೇ ಒಂದು ಗ್ಯಾಸ್ ಹೀಟರ್ ತಂದಿತು. ಅಲ್ಲಿಂದ ಮುಂದಕ್ಕೆ ಬೆಳೆದ ಯಂತ್ರಗಳು ಹೀಗಿವೆ.

ಮೊದಲನೆಯದು ಗ್ಯಾಸಿನ ಬಾಯ್ಲರು. ಮಂಚದ ಕೆಳಗೋ ಬೀರುವಿನ ಒಳಗೋ ಒಂದು ಪೆಟ್ಟಿಗೆ. ಅದರ ನಡುವೆ ಉರಿ ಕೋಣೆ, ಅದರ ಸುತ್ತ ಲೋಹದ ಗೋಡೆ. ಉರಿ ಗೋಡೆಯ ಒಂದು ಕಡೆ, ಗಾಳಿ ಮತ್ತು ನೀರು ಇನ್ನೊಂದು ಕಡೆ. ಗಾಡಿಯೊಳಗಿನ ಗಾಳಿಯನ್ನ ಫ್ಯಾನು ಎಳೆದು ಆ ಬಿಸಿ ಗೋಡೆ ಮೇಲೆ ಹಾಯಿಸಿ ಕೊಳವೆಗಳಲ್ಲಿ ಮಲಗೋ ಜಾಗಕ್ಕೆ, ಬಚ್ಚಲಿಗೆ ಊದುತ್ತೆ. ಅದೇ ಪೆಟ್ಟಿಗೆಯಲ್ಲಿ 10 ಲೀಟರ್ ನೀರಿನ ಪಾತ್ರೆ. ಒಂದೇ ಉರಿಯಿಂದ ಚಳಿಯೂ ಹೋಗುತ್ತೆ, ಸ್ನಾನಕ್ಕೂ ಆಗುತ್ತೆ. ಹತ್ತು ಲೀಟರಿನಲ್ಲಿ ಯಾರಿಗೆ ಸ್ನಾನ ಆಗುತ್ತೆ ಅಂತ ಕೇಳಬಹುದು. 60 ಡಿಗ್ರಿಯ 10 ಲೀಟರಿಗೆ 20 ಡಿಗ್ರಿಯ 10 ಲೀಟರ್ ತಣ್ಣೀರು ಬೆರೆಸಿದರೆ 40 ಡಿಗ್ರಿಯ 20 ಲೀಟರ್ ಆಗುತ್ತೆ. ನಮ್ಮ ಹೆಂಗಸರು ಬಿಂದಿಗೆಯಲ್ಲಿ ಬೆರಕೆ ಮಾಡೋ ಲೆಕ್ಕವೇ ಇದು.

ಎರಡನೆಯದು ಕೊಳವೆ ನೀರಿನ ಪದ್ಧತಿ. ಸ್ವೀಡನ್ನಿನ ಆಲ್ಡೆ ಕಂಪನಿಯ ಹೆಸರು ಇದಕ್ಕೆ ಪ್ರಸಿದ್ಧ. ದುಬಾರಿ ಗಾಡಿಗಳಲ್ಲಿ ಇದು ಹೆಚ್ಚು. ಬಾಯ್ಲರಿನಲ್ಲಿ ಗ್ಲೈಕಾಲ್ ಬೆರೆತ ನೀರು ಕಾಯುತ್ತೆ. ಪಂಪು ಅದನ್ನ ಗೋಡೆ ಅಂಚಿನ ಕೊಳವೆಗಳಲ್ಲಿ ಗಾಡಿಯ ಸುತ್ತ ಓಡಿಸುತ್ತೆ, ಕೆಲವು ಗಾಡಿಯಲ್ಲಿ ನೆಲದ ಕೆಳಗೂ. ರೋಮಿನವರ ನೆಲದ ಹಾಗೆ ಅಂದುಕೊಳ್ಳಿ, ಹೊಗೆಯ ಬದಲು ನೀರು. ಸ್ನಾನದ ನೀರು ಬೇರೆ ಪಾತ್ರೆಯಲ್ಲಿ ಇದ್ದು, ಈ ಗ್ಲೈಕಾಲ್ ನೀರಿನ ಬಿಸಿಯಿಂದ ಕಾಯುತ್ತೆ. ಎರಡೂ ಬೆರೆಯೋದಿಲ್ಲ.

ಮೂರನೆಯದು ಡೀಸೆಲ್ ಹೀಟರು. ಜರ್ಮನಿಯ ವೆಬಾಸ್ಟೊ, ಎಬರ್ಸ್‌ಪೆಕರ್ ಕಂಪನಿಗಳು ಇದರಲ್ಲಿ ಹೆಸರಾದವು. ಗಾಡಿಯ ಟ್ಯಾಂಕಿನಿಂದಲೇ ಒಂದು ಚಿಕ್ಕ ಪಂಪು ಟಿಕ್ ಟಿಕ್ ಅಂತ ತೊಟ್ಟು ತೊಟ್ಟು ಡೀಸೆಲ್ ಕೊಡುತ್ತೆ. ಕೆಂಪಗೆ ಕಾದ ಕಡ್ಡಿ ಅದನ್ನ ಹತ್ತಿಸುತ್ತೆ. ಬೇರೆ ಸಿಲಿಂಡರು ಹೊರಬೇಕಾಗಿಲ್ಲ.

ನಾಲ್ಕನೆಯದು ನಮ್ಮ ಹೊಸೂರಿನವರಿಗೆ ಬೇಗ ಅರ್ಥ ಆಗೋದು. ಇಲ್ಲಿ 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಬಂದ ಮೇಲೆ ಇಂಜಿನ್ ಗೊತ್ತಿರೋ ಹುಡುಗರು ಬೀದಿಗಿಬ್ಬರು ಇದ್ದಾರೆ. ಅವರನ್ನ ಕೇಳಿ ನೋಡಿ. ಲಾರಿಯಲ್ಲಿ ಸುಟ್ಟ ಡೀಸೆಲ್ಲಿನ ಶಾಖದಲ್ಲಿ ಅರ್ಧದಷ್ಟೂ ಚಕ್ರಕ್ಕೆ ಹೋಗಲ್ಲ. ಮಿಕ್ಕಿದ್ದು ಸೈಲೆನ್ಸರಿನಲ್ಲೂ ರೇಡಿಯೇಟರಿನಲ್ಲೂ ಹೋಗುತ್ತೆ. ಇಂಜಿನ್ ತಣಿಸೋ ನೀರು 80, 90 ಡಿಗ್ರಿ ಇರುತ್ತೆ. ಮನೆಗಾಡಿಯಲ್ಲಿ ಆ ನೀರಿನ ಕೊಳವೆಯನ್ನ ಸುರುಳಿ ಮಾಡಿ ಸ್ನಾನದ ನೀರಿನ ಪಾತ್ರೆಯೊಳಗೆ ಇಳಿಸ್ತಾರೆ. ಗಾಡಿ ಓಡಿಸಿಕೊಂಡು ಬರೋ ಹೊತ್ತಿಗೆ ಸ್ನಾನದ ನೀರು ಪುಕ್ಕಟೆ ಕಾದಿರುತ್ತೆ. ಚೆನ್ನಾಗಿ ಹೊದಿಕೆ ಹಾಕಿದ ಪಾತ್ರೆ ಆದರೆ ರಾತ್ರಿ ನಿಲ್ಲಿಸಿದ ಮೇಲೂ ಬಿಸಿ ಉಳಿಯುತ್ತೆ. ಹಂಡೆಗೆ ಮಣ್ಣು ಮೆತ್ತಿದ ಹಾಗೆ ಇದಕ್ಕೆ ಫೋಮು ಮೆತ್ತುತ್ತಾರೆ. ಅದೇ ಇಂಜಿನ್ ಇಟ್ಟುಕೊಂಡು ದಿನಗಟ್ಟಲೆ ರಸ್ತೆಯಲ್ಲಿ ಬದುಕೋ ನಮ್ಮ ಲಾರಿ ಡ್ರೈವರುಗಳು ಮಾತ್ರ ಚಳಿಗಾಲದಲ್ಲೂ ಡಾಬಾದ ತೊಟ್ಟಿಯ ತಣ್ಣೀರು ಮೈಗೆ ಹಾಕ್ಕೋತಾರೆ. ಇದನ್ನ ಕಾರ್ಖಾನೆ ಹುಡುಗರು ಯೋಚನೆ ಮಾಡಬೇಕು.

ಹಿಮದ ದೇಶದಲ್ಲಿ ಇನ್ನೆರಡು ತಾಪತ್ರಯ ಇವೆ. ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಪಾತ್ರೆ ಒಡೆಯುತ್ತೆ. ಅದಕ್ಕೆ ಸುಮಾರು 3 ಡಿಗ್ರಿಗೆ ಬಂದರೆ ತಾನಾಗೇ ತೆರೆದುಕೊಂಡು ನೀರು ಹೊರಗೆ ಚೆಲ್ಲೋ ಬಿರಡೆ ಇಟ್ಟಿದ್ದಾರೆ. ಇನ್ನೊಂದು ಗ್ಯಾಸಿನದು. ಬ್ಯೂಟೇನ್ ಗ್ಯಾಸು ಸೊನ್ನೆ ಡಿಗ್ರಿ ಹತ್ತಿರ ಬಂದರೆ ಸಿಲಿಂಡರಿನಿಂದ ಮೇಲೇಳೋದಿಲ್ಲ, ದ್ರವವಾಗೇ ಕೂತಿರುತ್ತೆ. ಪ್ರೊಪೇನು ಮೈನಸ್ 42 ಡಿಗ್ರಿಯವರೆಗೂ ಏಳುತ್ತೆ. ಅದಕ್ಕೆ ಅಲ್ಲಿ ಚಳಿಗಾಲದಲ್ಲಿ ಪ್ರೊಪೇನು. ನಮಗೆ ಇವೆರಡರ ಕಾಟ ಇಲ್ಲ. ಹೊಸೂರನ್ನ ಬ್ರಿಟಿಷರು ಪುಟ್ಟ ಇಂಗ್ಲೆಂಡ್ ಅಂತ ಕರೆದರೂ ನಮ್ಮ ಚಳಿಗೆ ನೀರು ಹೆಪ್ಪುಗಟ್ಟಲ್ಲ.

ಅರಳಿಕಟ್ಟೆಯ ಮೂರನೇ ಪ್ರಶ್ನೆ

ಈಗ ಹೊಗೆ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ಬರೋಣ. ಒಳ್ಳೇ ಮನೆಗಾಡಿಯ ಹೀಟರಿನಲ್ಲಿ ಉರಿ ಕೋಣೆ ಪೂರ್ತಿ ಮುಚ್ಚಿರುತ್ತೆ. ಅದರಿಂದ ಗೋಡೆಯಾಚೆಗೆ ಕೊಳವೆಯೊಳಗೆ ಕೊಳವೆ ಇಟ್ಟಿರುತ್ತಾರೆ. ಒಂದರಲ್ಲಿ ಹೊರಗಿನ ಹೊಸ ಗಾಳಿ ಉರಿಗೆ ಬರುತ್ತೆ, ಇನ್ನೊಂದರಲ್ಲಿ ಉರಿದ ಗಾಳಿ ಹೊರಗೆ ಹೋಗುತ್ತೆ. ಮಲಗಿರೋ ಮನುಷ್ಯರ ಗಾಳಿಯನ್ನ ಉರಿ ಮುಟ್ಟೋದೇ ಇಲ್ಲ. ಉರಿ ಆರಿಹೋದರೆ ಗ್ಯಾಸು ತಾನಾಗೇ ನಿಲ್ಲುತ್ತೆ. ಇಷ್ಟೆಲ್ಲಾ ಮಾಡಿದ ಮೇಲೂ ವಿಷಗಾಳಿ ಬಂದರೆ ಕೂಗೋ ಅಲಾರಂ ಇಡ್ತಾರೆ. ಕಮಾನು ಗಾಡಿಯ ಗಂಟು ಬಿಚ್ಚಿದ್ದು ಹೀಗೆ. ಬೆಂಕಿ ಗಾಡಿಯ ಒಳಗೇ ಇದೆ, ಆದರೆ ಅದರ ಉಸಿರು ಹೊರಗೆ.

ಬೆಂಕಿಗೂ ಉಸಿರು ಬೇಕು ಅನ್ನೋದನ್ನ ನಾವು ಲೆಕ್ಕಕ್ಕೆ ತಗೊಳ್ಳಲ್ಲ. ಒಂದು ಕಿಲೋ ಗ್ಯಾಸು ಪೂರ್ತಿ ಉರಿಯೋಕೆ ಸುಮಾರು 15 ಕಿಲೋ ಗಾಳಿ ಬೇಕು. ಮನೆಯ 14.2 ಕಿಲೋ ಸಿಲಿಂಡರು ಖಾಲಿ ಆಗೋಷ್ಟರಲ್ಲಿ 200 ಕಿಲೋಗೂ ಮೇಲೆ ಗಾಳಿ ತಿಂದಿರುತ್ತೆ. ಗಾಳಿ ಸಾಲದೆ ಬಂದಾಗ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸೌದೆ ಹೊಗೆ ಆದರೆ ಕಣ್ಣು ಉರಿಸಿ ಕೆಮ್ಮಿಸಿ ಹೊರಗೆ ಓಡಿಸುತ್ತೆ. ಸಿಲಿಂಡರಿನ ಗ್ಯಾಸಿಗೆ ಸೋರಿದರೆ ಗೊತ್ತಾಗಲಿ ಅಂತ ನಾತ ಬೆರೆಸಿರುತ್ತಾರೆ. ಉರಿದ ಮೇಲೆ ಆ ನಾತವೂ ಇರಲ್ಲ. ಈ ವಿಷಗಾಳಿ ನೆತ್ತರನ್ನ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ತಲೆ ಭಾರ, ವಾಕರಿಕೆ, ಕೈಕಾಲು ಸೋಲು, ಆಮೇಲೆ ಪ್ರಜ್ಞೆ ಇಲ್ಲ. ಚಿಲಕ ತೆಗೆಯೋಣ ಅಂದರೂ ಕೈ ಏಳಲ್ಲ.

ನಮ್ಮ ಕಡೆಗೆ ಬನ್ನಿ. ಎಪ್ಪತ್ತರ ದಶಕದಲ್ಲಿ ಸಿಪ್ಕಾಟ್ ಬಂದ ಮೇಲೆ ಹೊಸೂರು ಸುತ್ತಿನ ಹಳ್ಳಿಗಳ ಹೊಲಗಳಲ್ಲಿ ಬಾಡಿಗೆ ಮನೆ ಎದ್ದವು. ಕೆಲಸಕ್ಕೆ ಬಂದ ಹುಡುಗರಿಗೆ ಒಂದು ಕೋಣೆ, ಅದಕ್ಕೆ ಅಂಟಿದ ಬಚ್ಚಲು. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ಹಂಡೆಗೆ ಜಾಗ ಇಲ್ಲ, ಸೌದೆಗೆ ಜಾಗ ಇಲ್ಲ. ಕರೆಂಟು ಬಿಲ್ಲು ಜಾಸ್ತಿ ಅಂತ ಬಚ್ಚಲ ಗೋಡೆಗೆ ಗ್ಯಾಸ್ ಗೀಸರ್. ಸಿಲಿಂಡರೂ ಒಳಗೇ. ಚಳಿ ಬರುತ್ತೆ ಅಂತ ಇದ್ದ ಒಂದು ಕಿಟಕಿಗೂ ರಟ್ಟು. 1868ರಲ್ಲಿ ಲಂಡನ್ನಿನ ಬಚ್ಚಲಿಗೆ ಬಂದ ಆ ಕೊಳವೆ ಇಲ್ಲದ ಒಲೆ ನಮ್ಮೂರ ಬಚ್ಚಲಿಗೆ ಬಂದು ಕೂತಿತು.

ಕೆಲವು ವರ್ಷದ ಹಿಂದೆ ಒಂದು ಡಿಸೆಂಬರಿನಲ್ಲಿ ನಮ್ಮ ಬೀದಿಯ ಆಚೆ ಇಂಥ ಒಂದು ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗ ಸ್ನಾನಕ್ಕೆ ಹೋದವನು ಬರಲಿಲ್ಲ. ನೀರು ಬೀಳೋ ಸದ್ದು ಬರ್ತಾನೇ ಇತ್ತು. ಜೊತೆಯವರು ಬಾಗಿಲು ಒದ್ದು ತೆಗೆದು ಹೊರಗೆ ಎಳೆದು ಹಾಕಿದರು. ನಾನೂ ಓಡಿ ಹೋದೆ. ಸೇರಿದ ಜನದಲ್ಲಿ ಅರ್ಧ ಜನ ಹೇಳಿದ್ದು ಒಂದೇ ಮಾತು, ಹುಡುಗನಿಗೆ ಗಾಳಿ ಸೋಕೈತೆ. ತಾಯಿತ ಕಟ್ಟಿಸಿ ಅಂದರು. ಇನ್ನು ಕೆಲವರು ಮೂರ್ಛೆ ರೋಗ ಅಂತ ಕೈಗೆ ಕಬ್ಬಿಣ ಕೊಟ್ಟರು. ಅಂಗಳದ ತಂಪು ಗಾಳಿಯಲ್ಲಿ ಮಲಗಿಸಿ, ಆಸ್ಪತ್ರೆಗೆ ಸಾಗಿಸಿದರು. ಹುಡುಗ ಬದುಕಿದ. ಅವನಿಗೆ ಗಾಳಿ ಸೋಕಿರಲಿಲ್ಲ, ಗಾಳಿ ಸಿಕ್ಕಿರಲಿಲ್ಲ. ಎಲ್ಲರಿಗೂ ಅಂಥ ಅದೃಷ್ಟ ಇರೋದಿಲ್ಲ. ಚಳಿಗಾಲ ಬಂದರೆ ಗ್ಯಾಸ್ ಗೀಸರಿನ ಸಾವಿನ ಸುದ್ದಿ ಪೇಪರಿನಲ್ಲಿ ಓದ್ತಾ ಇರ್ತೀವಿ.

ಬಚ್ಚಲಲ್ಲಿ ಬಿದ್ದವರೆಲ್ಲಾ ಇದರಿಂದಲೇ ಬಿದ್ದರು ಅಂತ ನಾನು ಹೇಳಲ್ಲ. ತಲೆ ಮೇಲೆ ಸುಡು ನೀರು ಒಂದೇ ಸಮ ಸುರಿದುಕೊಂಡರೆ ಕೆಲವರಿಗೆ ಮೂರ್ಛೆ ಬರುತ್ತೆ. ಇದು ನಮ್ಮ ದಕ್ಷಿಣ ಸೀಮೆಯಲ್ಲೇ ಜಾಸ್ತಿ ಅಂತ ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರುಗಳು ಕಂಡುಕೊಂಡಿದ್ದಾರೆ. ಅದಕ್ಕೆ ಬೇರೆ ಔಷಧ ಇದೆ. ಯಾವುದಾದರೂ ಡಾಕ್ಟರಿಗೆ ತೋರಿಸಬೇಕು. ಗ್ಯಾಸ್ ಗೀಸರ್ ಇತ್ತು ಅನ್ನೋ ಮಾತನ್ನ ಮರೆಯದೆ ಡಾಕ್ಟರಿಗೆ ಹೇಳಬೇಕು.

ಹತ್ತಿರದ ದಾರಿಗಳು

ನಮ್ಮವರು ಈ ವಿಷಯದಲ್ಲಿ ಸುಮ್ಮನೆ ಕೂತಿರಲಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೋಸ್ಕರ ಅಸ್ತ್ರ ಅನ್ನೋ ವಿಭಾಗ ಶುರು ಮಾಡಿದರು. ಅವರು ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಯಾವ ಯಾವ ಕೆಲಸಕ್ಕೆ ಎಷ್ಟು ಸೌದೆ ಹೋಗುತ್ತೆ ಅಂತ ಅಳೆದರು. ಅಡುಗೆ ಬಿಟ್ಟರೆ ಸ್ನಾನದ ನೀರೇ ದೊಡ್ಡ ಖರ್ಚು. ಹಾಗಾಗಿ ಕಮ್ಮಿ ಸೌದೆಯ, ಹೊಗೆ ಕೊಳವೆ ಇರೋ ಅಸ್ತ್ರ ಒಲೆ ಮಾಡಿದರು, ಸ್ನಾನದ ನೀರಿಗೂ ಒಲೆ ಮಾಡಿದರು. ಆಮೇಲೆ ಸೋಲಾರ್ ಬಂತು. 2007ರ ಸುಮಾರಿಗೆ ಬೆಂಗಳೂರಿನಲ್ಲಿ ಹೊಸದಾಗಿ ಕಟ್ಟೋ ಮನೆಗಳಿಗೆ ಸೋಲಾರ್ ನೀರಿನ ಪಾತ್ರೆ ಇಡಬೇಕು ಅಂತ ನಿಯಮ ಮಾಡಿದರು. ಈಗ ಅಲ್ಲಿ ಮಾಳಿಗೆ ಮಾಳಿಗೆ ಮೇಲೂ ಅದು ಕಾಣುತ್ತೆ. ಅದರಲ್ಲಿ ಪಂಪೂ ಬೇಡ. ಕಾದ ನೀರು ಹಗುರ ಆಗಿ ತಾನೇ ಮೇಲಿನ ಪಾತ್ರೆಗೆ ಹತ್ತುತ್ತೆ, ತಣ್ಣೀರು ತಾನೇ ಕೆಳಗಿಳಿಯುತ್ತೆ. ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೇದು ಇಲ್ಲ. ಮೋಡ ಮುಚ್ಚಿದ ದಿನಕ್ಕೆ ಮಾತ್ರ ಬೇರೆ ದಾರಿ ಬೇಕು.

ಗ್ಯಾಸ್ ಗೀಸರೇ ಇಟ್ಟುಕೊಂಡವರು ಹೆದರಿ ಕಿತ್ತು ಹಾಕಬೇಕಾಗಿಲ್ಲ. ಮನೆಗಾಡಿ ಮಾಡಿದವರ ಬುದ್ಧಿಯನ್ನ, ಅದಕ್ಕೂ ಮುಂಚೆ ನಮ್ಮ ಹಿತ್ತಲ ಒಲೆ ಕಟ್ಟಿದವರ ಬುದ್ಧಿಯನ್ನ ಉಪಯೋಗಿಸಿದರೆ ಸಾಕು. ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನಿಂದ ಹೊರಗೆ, ಗಾಳಿ ಆಡೋ ಬಯಲು ಗೋಡೆಗೆ ಹಾಕಿ, ಮೇಲೊಂದು ತಗಡಿನ ಮರೆ ಮಾಡಿ. ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಲಿ. ಬಾಡಿಗೆಗೆ ಕೊಡೋ ಮಾಲೀಕರು ಇದನ್ನ ಮಾಡಿಕೊಡಬೇಕು, ಬಾಡಿಗೆ ತಗೊಳ್ಳೋರು ಕೇಳಿ ಮಾಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಬಕೆಟ್ಟು ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿ ಬಿಟ್ಟು, ಆಮೇಲೆ ಸ್ನಾನಕ್ಕೆ ಕೂರಿ. ಉರಿ ನೀಲಿ ಇರಬೇಕು, ಹಳದಿ ಆದರೆ ಗಾಳಿ ಸಾಲದು ಅಥವಾ ಬರ್ನರ್ ಕೊಳೆಯಾಗಿದೆ ಅಂತ ಅರ್ಥ. ನೀರು ತುಂಬೋ ಹಬ್ಬಕ್ಕೆ ಹಂಡೆ ಬೆಳಗಿದ ಹಾಗೆ ವರ್ಷಕ್ಕೊಂದು ಸಾರಿ ಗೀಸರನ್ನೂ ಚೊಕ್ಕ ಮಾಡಿಸಿ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ತೆಗೆದು ಮೊದಲು ಹೊರಗಿನ ಗಾಳಿಗೆ ಎಳೀರಿ, ಗ್ಯಾಸು ನಿಲ್ಲಿಸಿ, 108ಕ್ಕೆ ಫೋನು ಮಾಡಿ. ತಾಯಿತ ಆಮೇಲೆ ಕಟ್ಟಿಸಿದರಾಯಿತು.

ಮನೆಗಾಡಿ ಕೊಳ್ಳೋ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಲಕ್ಷಗಟ್ಟಲೆ ಹಣ ಕೊಟ್ಟು ಅದನ್ನ ಕೊಳ್ಳೋರು ಬೆಂಕಿಗೆ ಬೇರೆ ಉಸಿರು ಕೊಟ್ಟು ಮಲಗ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಬೇಕಾಗಿರೋದು ಒಂದು ಗೋಡೆ ಕೊರೆಯೋ ಖರ್ಚು, ನಾಲ್ಕು ಅಡಿ ಕೊಳವೆ. ಇದನ್ನ ಓದಿದವರು ಇವತ್ತೇ ತಮ್ಮ ಬಚ್ಚಲಿಗೆ ಹೋಗಿ ಕಿಟಕಿ ತೆಗೆದು ನೋಡಲಿ. ಓದೋಕೆ ಬಾರದ ಅಕ್ಕಪಕ್ಕದವರಿಗೆ, ಬೇರೆ ರಾಜ್ಯದಿಂದ ಬಂದು ನಮ್ಮ ಭಾಷೆ ಗೊತ್ತಿಲ್ಲದ ಬಾಡಿಗೆ ಹುಡುಗರಿಗೆ ಕೈ ಸನ್ನೆಯಲ್ಲಾದರೂ ತಿಳಿಸಿ. ಗೋಡೆಗೆ ತೂತು ಹೊಡೆಯೋ ಯಂತ್ರ ಬೇಕಾದವರು ವಾಚನಾಲಯದಲ್ಲಿ ಹೆಸರು ಬರೆಸಿ, ಊರಲ್ಲಿ ಯಾರ ಹತ್ತಿರ ಇದೆ ಅಂತ ಕೇಳಿ ಕೊಡಿಸೋಣ.